ಬೈನೆ ಮರದ ಕೊನೆಯ ಹೂವು

ತಾಂಬೂಲದ ಜೊತೆ ಏನು ಕೊಡೋದು? ಮದುವೆ ಮನೆಯಲ್ಲಿ ಛತ್ರ ಬೇಕಾದರೂ ಸಿಗುತ್ತದೆ, ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸ್ಟೀಲ್ ಡಬ್ಬಿ ಕೊಟ್ಟರೆ ಅಟ್ಟ ಸೇರುತ್ತದೆ. ಪ್ಲಾಸ್ಟಿಕ್ ಬುಟ್ಟಿ ಕೊಟ್ಟರೆ ಇನ್ನೊಂದು ಮದುವೆಯಲ್ಲಿ ನಮಗೇ ವಾಪಸ್ ಬರುತ್ತದೆ. ಬಸವನಗುಡಿಯ ನಮ್ಮ ಬೀದಿಯಲ್ಲಿ ಇದಕ್ಕೆ ಉತ್ತರ ಕಂಡುಹಿಡಿದವರು ಪಕ್ಕದ ಮನೆಯ ಭಾಗೀರಥಮ್ಮ.

"ಎಲ್ರಿಗೂ ಗಿಡ ಕೊಡ್ತೀನಿ," ಅಂದರು. "ಅದೂ ಎಂಥ ಗಿಡ ಅಂತೀರಾ! ನಮ್ಮೆಜಮಾನ್ರ ಬೈನೆ ಮರದ ಸಸಿ."

ಅವರ ಯಜಮಾನರು ಶ್ರೀಧರ್ ಬ್ಯಾಂಕಿನಲ್ಲಿದ್ದವರು. ರಜ ಸಿಕ್ಕಿದರೆ ಸಾಕು, ಘಟ್ಟ ಹತ್ತುವ ಹುಚ್ಚು. ಒಂದು ಬೆಟ್ಟದಲ್ಲಿ ಝರಿಯ ಪಕ್ಕದ ಕಾಡು ಬೈನೆ ಮರ ಅವರಿಗೆ ಅಚ್ಚುಮೆಚ್ಚು. ನೋಡಲು ತೆಂಗಿನ ಬಳಗದ ಮರ, ಎಲೆ ಮಾತ್ರ ಮೀನಿನ ಬಾಲದ ಹಾಗೆ. ಹೆಂಡತಿಯನ್ನೂ ಮಗಳು ಆರಾಧನಾಳನ್ನೂ ಕರೆದುಕೊಂಡು ಹೋಗಿ, ಅದರ ಕೆಳಗಿನ ಬಂಡೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಕೋವಿಡ್‌ನಲ್ಲಿ ಅವರು ಹೋಗಿಬಿಟ್ಟರು. ಈಗ ಆರಾಧನಾಳ ಮದುವೆ. ಅಪ್ಪನಿಲ್ಲದ ಮದುವೆಗೆ ಅಪ್ಪನ ಮರದ ಸಸಿಗಳಾದರೂ ಬರಲಿ ಎಂದು ತಾಯಿಯ ಆಸೆ. ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಮದುವೆಗೆ ಚಪ್ಪರ ಹಾಕುವ ಗೌರೀಶ್ ಸಸಿ ತಂದುಕೊಡಲು ಒಪ್ಪಿಕೊಂಡಿದ್ದ. ಹಿಂದಿನ ವಾರ ಹೋಗಿ ಮರ ಪತ್ತೆ ಮಾಡಿ, ಮಾದರಿಗೆ ಒಂದು ಸಸಿ ಕಿತ್ತು ತಂದಿದ್ದ. ಉಳಿದವನ್ನು ಕೀಳಲು ಒಂದು ರಾತ್ರಿ ಮತ್ತೆ ಬೆಟ್ಟಕ್ಕೆ ಹೊರಟ.

ಮರುದಿನ ಬೆಳಿಗ್ಗೆ ನಾವು ಭಾಗೀರಥಮ್ಮನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ನಾವು ಎಂದರೆ ನಾನು ಮತ್ತು ಭಾಗೀರಥಮ್ಮನ ಗೆಳತಿ ಮಹಾನಂದ. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ತುಳಸಿಕಟ್ಟೆಯ ಪಕ್ಕ ಕುಂಡದಲ್ಲಿದ್ದ ಮಾದರಿ ಸಸಿಯ ತುದಿ ಒಣಗಿತ್ತು.

"ಇದು ಬದುಕಲ್ಲ ಭಾಗೀರಥಿ," ಎಂದರು ಮಹಾನಂದ. "ಕೀಳೋವಾಗ ಬೇರೆಲ್ಲಾ ತುಂಡಾಗಿದೆ."

"ಯಾಕೆ ಬದುಕಲ್ಲ? ಲಾಲ್‌ಬಾಗಲ್ಲಿ ಇಂಥ ಮರ ಇಲ್ವಾ?"

"ಬೀಜದಿಂದ ಬೆಳೆಸಿದ್ದು ಬದುಕುತ್ತೆ. ಇದು ಬೆಟ್ಟದ ನೆರಳಲ್ಲಿ, ತೇವದಲ್ಲಿ, ಕೊಳೆತ ಎಲೆ ಮಧ್ಯ ಹುಟ್ಟಿದ ಕೂಸು. ನಾಳೆ ಯಾರೋ ಬಾಲ್ಕನಿ ಬಿಸಿಲಲ್ಲಿಡ್ತಾರೆ. ಬದುಕಿದ್ರೂ ಮೂರು ಮಹಡಿ ಎತ್ತರದ ಮರಾನ ಎಲ್ಲಿ ನೆಡ್ತಾರೆ, ಹೇಳು?"

ಭಾಗೀರಥಮ್ಮನಿಗೆ ಮುನಿಸು ಬಂತು. "ಎಲ್ಲಾದಕ್ಕೂ ಕೊಕ್ಕೆ ಹಾಕ್ಬೇಡ. ಆ ಮರಾನೇ ಆಶೀರ್ವಾದ ಮಾಡಿದೆ. ನಾವು ಅವರ ಜೊತೆ ಹೋಗ್ತಿದ್ದಾಗ ಒಂದು ಹೂ ಬಿಟ್ಟಿರ್ಲಿಲ್ಲ. ಈಗ ಮಗಳ ಮದುವೆ ಹೊತ್ತಿಗೆ ನೋಡು, ಜಡೆ ಜಡೆಯಾಗಿ ಬಿಟ್ಟಿದೆ!"

ಗೌರೀಶ್ ಕಳಿಸಿದ್ದ ಫೋಟೊ ತೋರಿಸಿದರು. ಕಾಂಡದ ಬುಡದ ಹತ್ತಿರ ಉದ್ದನೆಯ ಹೂಗೊಂಚಲು ಇಳಿಬಿದ್ದಿತ್ತು. ಮೇಲೆಲ್ಲ ಒಣಗಿದ ಗೊಂಚಲುಗಳು. ಮಹಾನಂದ ಫೋಟೊ ದೊಡ್ಡದು ಮಾಡಿ ನೋಡಿದರು. ಕಾಫಿ ಲೋಟ ಕೆಳಗಿಟ್ಟರು.

"ಭಾಗೀರಥಿ, ಬೈನೆ ಮರ ಹತ್ತು ಹದಿನೈದು ವರ್ಷ ಸುಮ್ನೆ ಬೆಳೆಯುತ್ತೆ. ಆಮೇಲೆ ಮೊದಲು ತುದೀಲಿ ಹೂ ಬಿಡುತ್ತೆ. ವರ್ಷ ಹೋದ ಹಾಗೆ ಕೆಳಗೆ ಕೆಳಗೆ ಬಿಡ್ತಾ ಬರುತ್ತೆ. ಬುಡಕ್ಕೆ ಬಂದ ಮೇಲೆ ಮುಗೀತು, ಮರ ಸಾಯುತ್ತೆ. ಬಾಳೆ ಥರ ಬುಡದಲ್ಲಿ ಕಂದು ಕೂಡಾ ಬರಲ್ಲ."

"ಅಂದ್ರೆ?"

"ಇದು ಕೊನೆ ಹೂವು. ಪುನುಗು ಬೆಕ್ಕು, ಮಂಗಟ್ಟೆ ಹಕ್ಕಿ ಹಣ್ಣು ತಿಂದು ಒಂದಷ್ಟು ಬೀಜ ದೂರ ಹಾಕಿರ್ತವೆ. ಆದ್ರೆ ಆ ಝರಿ ಹತ್ರ ಈ ಮರದ ಜಾಗ ತುಂಬೋಕೆ ಇರೋದು ಆ ಸಸಿಗಳೇ. ಅವನ್ನೂ ಕಿತ್ರೆ ಅಲ್ಲೇನೂ ಉಳಿಯಲ್ಲ."

ಭಾಗೀರಥಮ್ಮ ಫೋನ್ ತೆಗೆದುಕೊಂಡು ಗೌರೀಶನಿಗೆ ಮಾಡಿದರು. ಸಿಗ್ನಲ್ ಇಲ್ಲ. ಮತ್ತೆ ಮಾಡಿದರು, ಇಲ್ಲ. ಕೊನೆಗೆ ಹತ್ತಿತು.

"ಬೆಟ್ಟದ ಬುಡದಲ್ಲಿದೀನಮ್ಮ. ಗುದ್ದಲಿ ತಗೊಂಡು ಹತ್ಬೇಕು ಅಷ್ಟೇ."

"ಹತ್ಬೇಡಪ್ಪಾ. ವಾಪಸ್ ಬಂದ್ಬಿಡು."

"ಮತ್ತೆ ತಾಂಬೂಲಕ್ಕೆ?"

"ಎಲೆ ಅಡಿಕೆ ತೆಂಗಿನಕಾಯಿ ಸಾಕು. ನನ್ನ ಮಗಳನ್ನ ಕಳಿಸ್ಕೊಡೋ ಸಂಭ್ರಮಕ್ಕೆ, ಸಾಯೋ ಮರದ ಮಕ್ಕಳನ್ನ ಕಿತ್ತು ಹಂಚ್ಲಾ?" ಎಂದರು. ಫೋನ್ ಇಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾದರಿಯ ಸಸಿ ಮದುವೆಗೆ ಮೊದಲೇ ಒಣಗಿತು.

ಮದುವೆಯಾದ ಮೇಲೆ ಆರಾಧನಾ ಗಂಡನೊಂದಿಗೆ ಆ ಬೆಟ್ಟಕ್ಕೆ ಹೋಗಿ, ಅಲ್ಲಿ ಹೇಗೋ ಸಿಗ್ನಲ್ ಹಿಡಿದು ವಿಡಿಯೊ ಕಾಲ್ ಮಾಡಿದಳು. "ಅಮ್ಮಾ, ಅಪ್ಪ ಕೂರ್ತಿದ್ದ ಬಂಡೆ ಮೇಲೇ ಕೂತಿದೀನಿ. ಸುತ್ತ ಮರಿಗಳು ನೋಡು!" ಮೊಣಕಾಲೆತ್ತರದ ಸಸಿಗಳು. ಪ್ರತಿಯೊಂದಕ್ಕೂ ಪುಟ್ಟ ಮೀನಿನ ಬಾಲ. ಭಾಗೀರಥಮ್ಮ ನಕ್ಕರು, "ಕಾಲಿಡೋವಾಗ ಹುಷಾರು ಕಣೇ," ಎಂದು ಗದರಿದರು.

ಓದುತ್ತಿರುವ ಅಕ್ಕ, ಅಣ್ಣ, ಗಿಡ ಹಂಚುವುದು ಒಳ್ಳೆಯ ಕೆಲಸವೇ, ಖಂಡಿತ ಹಂಚಿ. ಆದರೆ ಕೊಳ್ಳುವ ಮುಂಚೆ ಒಂದು ಮಾತು ಕೇಳಿ: "ಇದು ಬೀಜದಿಂದ ಬೆಳೆಸಿದ್ದಾ, ಕಾಡಿಂದ ಕಿತ್ತಿದ್ದಾ?" ಕಿತ್ತದ್ದಾದರೆ ಬೇಡ ಅನ್ನಿ. ಬೆಟ್ಟಕ್ಕೆ ಕೈ ಬೀಸಿಕೊಂಡು ಹೋಗಿ, ಕೈ ಬೀಸಿಕೊಂಡೇ ಬನ್ನಿ. ನಿಮ್ಮ ಮೊಮ್ಮಕ್ಕಳು ಹೋದಾಗಲೂ ಆ ಬಂಡೆಯ ಮೇಲೆ ನೆರಳಿರಲಿ.