ನಾಣ್ಯದ ಮೇಲಿನ ಮೂಗು

ಸಾಲು ಮುಂದಕ್ಕೆ ಸರಿಯುತ್ತಲೇ ಇರಲಿಲ್ಲ. ಮಗಳು ಕಾಲು ಬದಲಿಸಿ ನಿಂತಳು, ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡು ಮುಂದಿನವರ ಹೆಗಲ ಮೇಲಿಂದ ಇಣುಕಿದಳು. ವಸ್ತುಸಂಗ್ರಹಾಲಯದ ಆ ಕೋಣೆಯ ನಡುವೆ ಒಂದೇ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಹಳೆಯ ಕಾಲದ ದೊರೆಯ ಮುಖವಿರುವ ಚಿನ್ನದ ನಾಣ್ಯ. ಇಂಥವು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಉಳಿದಿವೆಯಂತೆ. ಈ ಊರಿಗೆ ಬಂದಿರುವುದು ಇದೇ ಮೊದಲು.

"ಏನೇ ಅದು, ಕಾಲಿಗೆ ಇರುವೆ ಹತ್ತಿದ ಹಾಗೆ ಆಡ್ತೀಯ?" ಎಂದ ಅಪ್ಪ. ಅವನು ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೆಂಟರ ಮನೆಗೆ ಬಂದವನ ಠೀವಿಯಲ್ಲಿ ನಿಂತಿದ್ದ.

ಅವನ ಪ್ರಕಾರ ಅದು ನೆಂಟರ ಮನೆಯೇ, ಆ ದೊರೆ ಅವನ ವಂಶದವನು. ತನ್ನ ಕನ್ನಡಕದ ಅಂಗಡಿಗೆ ಬಂದ ಗಿರಾಕಿ ಯಾರೇ ಇರಲಿ, ಫ್ರೇಮು ಕೂರಿಸುತ್ತಾ ಅವರ ಮೂಗಿನ ಗುಣದೋಷ ಹೇಳಿ, ಕೊನೆಗೆ ಗಿಣಿಯ ಕೊಕ್ಕಿನಂತೆ ಬಾಗಿದ ತನ್ನ ದೊಡ್ಡ ಮೂಗನ್ನು ತೋರಿಸುತ್ತಿದ್ದ: "ಇದು ಅರಮನೆಯಿಂದ ಬಂದಿದ್ದು." ಬೀದಿಯವರು ಅವನಿಗೆ 'ದೊರೆ' ಎಂದೇ ಹೆಸರಿಟ್ಟಿದ್ದರು. "ಮೂಗು ಬಂತು, ರಾಜ್ಯ ಮಾತ್ರ ದಾರೀಲಿ ಎಲ್ಲೋ ಬಿದ್ದುಹೋಯ್ತು," ಎಂದು ಅಮ್ಮ ಈಗಲೂ ಛೇಡಿಸುತ್ತಾಳೆ.

ಅದೇ ಮೂಗು ಮಗಳಿಗೂ ಬಂದಿತ್ತು. ಶಾಲೆಯಲ್ಲಿ ಆಡಿಕೊಂಡವರ ಬಾಯನ್ನು ರಾಜನ ಕಥೆ ಹೇಳಿ ಮುಚ್ಚಿಸಿದ್ದಳು. ಮೂವತ್ತು ಹತ್ತಿರವಾಗುತ್ತಿದ್ದಂತೆ ಆ ಕಥೆ ಅವಳಿಗೇ ಸಾಕಾಯಿತು. ಅವಳು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಯಾರಾದರೂ ಫೋಟೋ ಎಂದರೆ, ಓಡಿಹೋಗಿ ತಾನೇ ಕ್ಯಾಮೆರಾ ಹಿಡಿಯುತ್ತಿದ್ದಳು. ಕೊನೆಗೊಮ್ಮೆ ಡಾಕ್ಟರನ್ನು ಕಂಡು ಬಂದಳು. ಸೋಮವಾರ ಮೂಗು ತಿದ್ದುವ ಆಪರೇಷನ್.

 ಅಪ್ಪ ಒಂದು ಕರಾರು ಹಾಕಿದ: "ನಾಣ್ಯ ಬರ್ತಿದೆ, ನೋಡೋಣ. ಅದರಲ್ಲಿರೋದು ನಮ್ಮ ಮೂಗೇ ಆಗಿದ್ರೆ ನಿಂದು ಹಾಗೇ ಇರ್ಲಿ. ಅಲ್ಲದಿದ್ರೆ ನಾನು ಕಮಕ್ ಕಿಮಕ್ ಅನ್ನಲ್ಲ." ಅಪ್ಪನನ್ನು ಮೀರುವ ಧೈರ್ಯ ಅವಳಿಗಿತ್ತು, ನೋಯಿಸುವ ಮನಸ್ಸಿರಲಿಲ್ಲ. ಒಪ್ಪಿಕೊಂಡಿದ್ದಳು.

ಕಾವಲಿನವನು ಕೈಬೀಸಿ ಕರೆದ. ಇಬ್ಬರೂ ಗಾಜಿನ ಮೇಲೆ ಬಗ್ಗಿದರು. ನಾಣ್ಯ ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಆದರೆ ಮುಖ ಸ್ಪಷ್ಟವಾಗಿತ್ತು. ಪಕ್ಕಕ್ಕೆ ತಿರುಗಿದ ದೊರೆ: ಗುಂಗುರು ಕೂದಲು, ದಪ್ಪ ಕುತ್ತಿಗೆ, ಉಂಡು ತಿಂದು ತುಂಬಿದ ಕೆನ್ನೆ. ಮೂಗು ಮಾತ್ರ ಮೊಂಡು. ಚಿಟಿಕೆ ಹಿಟ್ಟು ತೆಗೆದು ಒತ್ತಿ ಅಂಟಿಸಿದ ಹಾಗಿತ್ತು.

ಗೆದ್ದೆ ಅಂದುಕೊಂಡಳು, ಎದೆ ಹಗುರಾಯಿತು. ಮರುಗಳಿಗೆಯೇ ಅಪ್ಪನ ಮುಖ ನೋಡಲು ಹೆದರಿದಳು. ಅವನು ಬಗ್ಗಿಯೇ ಇದ್ದ. ಹಿಂದಿನವರು ಗೊಣಗತೊಡಗಿದರು.

"ನಮ್ಮದಲ್ಲ," ಎಂದ ಕೊನೆಗೆ. "ನಡಿ."

ಮೆಟ್ಟಿಲಿಳಿಯುವಾಗ ಅವಳಿಗೆ ತಡೆಯಲಾಗಲಿಲ್ಲ. "ಬೇಜಾರಾಯ್ತಾ ಅಪ್ಪ?"

"ಬೇಜಾರೇನು ಬಂತು? ಆ ಕಥೆ ಕಟ್ಟಿದ್ದೇ ನಾನು, ಚಿಕ್ಕ ಹುಡುಗ ಆಗಿದ್ದಾಗ. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ ಅನ್ಸುತ್ತೆ. ಯಾರಿಗ್ಗೊತ್ತು, ಹೊಂದಿದ್ರೂ ಹೊಂದಬಹುದು ಅಂತ ಆಸೆ."

"ಮತ್ತೆ ಇದು ಯಾರ ಮೂಗು?"

"ನನ್ನ ಅಮ್ಮಂದು. ಹೋಟೆಲಲ್ಲಿ ಪಾತ್ರೆ ತೊಳೀತಿದ್ಲು. ಅಲ್ಲಿಯವರೆಲ್ಲ ಅವಳನ್ನ ಹದ್ದು ಅಂತಲೇ ಕರೀತಿದ್ರು. 'ಏ ಹದ್ದು, ತಟ್ಟೆ ತಾ.' ಒಂದಿನ ಬಾಗಿಲಲ್ಲಿ ನಿಂತು ಕೂಗ್ದೆ, ಅದು ರಾಜರ ಮೂಗು ಕಣ್ರೋ ಅಂತ. ಅಮ್ಮ ಕೈಯಲ್ಲಿದ್ದ ತಟ್ಟೆ ಬೀಳೋ ಹಾಗೆ ನಕ್ಲು. ಅವಳು ಹಾಗೆ ನಕ್ಕಿದ್ದು ನಾನು ನೋಡೇ ಇರ್ಲಿಲ್ಲ. ಅದಕ್ಕೇ ದಿನಾ ಹೇಳೋಕೆ ಶುರುಮಾಡ್ದೆ."

ಮಗಳು ನಿಂತುಬಿಟ್ಟಳು. ಅಜ್ಜಿ ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. "ಅಜ್ಜಿ ಫೋಟೋ ನಾನು ನೋಡೇ ಇಲ್ವಲ್ಲ."

"ಇದ್ರೆ ತಾನೆ? ಪಾತ್ರೆ ತೊಳೆಯೋಳ ಫೋಟೋ ಯಾರು ತೆಗೀತಾರೆ? ನಕ್ರೆ ಮೂಗಿನ ತುದಿ ಕೆಳಗೆ ಬಗ್ತಿತ್ತು. ನಿಂದು ಬಗ್ಗುತ್ತಲ್ಲ, ಥೇಟ್ ಹಾಗೇ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಯಾರದೋ ದೊರೆಯನ್ನು ಮುಖದ ಮೇಲೆ ಹೊರಿಸಿ, ಇನ್ನೇನು ಇಳಿಸಬೇಕು ಎನ್ನುವಾಗ ಇದನ್ನು ಹೇಳುವುದೇ? "ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ರಾಜರ ಮೂಗು ಅಂತ ನೀನು ತಲೆ ಎತ್ಕೊಂಡು ಶಾಲೆಗೆ ಹೋಗ್ತಿದ್ದೆ. ಹದ್ದಿನ ಮೂಗು ಅಂದಿದ್ರೆ ಹೋಗ್ತಿದ್ಯಾ?" ಅಪ್ಪ ಮುಂದಿನ ಮೆಟ್ಟಿಲಿಗೆ ಕಾಲಿಟ್ಟ. "ಇರ್ಲಿ ಬಿಡು, ಮಾತು ಅಂದ್ರೆ ಮಾತು. ಸೋಮವಾರ ಆಸ್ಪತ್ರೆಗೆ ನಾನೇ ಬರ್ತೀನಿ."

ಸಂಜೆ ಅವಳು ಕೂರಲಾರದೆ ಕನ್ನಡಕದ ಅಂಗಡಿಯ ಉದ್ದಗಲಕ್ಕೂ ಓಡಾಡಿದಳು. ಡ್ರಾಯರ್ ಎಳೆದಳು, ಮುಚ್ಚಿದಳು, ಸರಿಯಾಗಿಯೇ ಇದ್ದ ಫ್ರೇಮುಗಳನ್ನು ಸರಿಪಡಿಸಿದಳು. ಅಪ್ಪ ಅವಳ ಹಳೆಯ ಕನ್ನಡಕವೊಂದನ್ನು ಮೇಜಿನ ದೀಪದ ಕೆಳಗೆ ಹಿಡಿದು, ಮೂಗಿನ ಮೇಲೆ ಕೂರುವ ಪುಟ್ಟ ಪ್ಯಾಡುಗಳನ್ನು ಬಿಚ್ಚುತ್ತಿದ್ದ.

"ಏನು ಮಾಡ್ತಿದ್ದೀಯ?"

"ಆಪರೇಷನ್ ಆದ್ಮೇಲೆ ಕೆಲವು ವಾರ ಮೂಗಿನ ಮೇಲೆ ಭಾರ ಬೀಳಬಾರ್ದು. ಹಣೆಗೆ ಒಂದು ಪಟ್ಟಿ ಅಂಟಿಸಿ ಇದನ್ನ ನೇತುಹಾಕ್ತೀನಿ, ಮೂಗಿಗೆ ತಾಕೋದೇ ಇಲ್ಲ. ಕನ್ನಡಕ ಇಲ್ದಿದ್ರೆ ನಿಂಗೆ ಗೋಡೆ ಯಾವುದು, ಬಾಗಿಲು ಯಾವುದು ಗೊತ್ತಾಗಲ್ಲ." ಅಪ್ಪ ಪಟ್ಟಿಯ ಸುರುಳಿ ಬಿಡಿಸಿ ಕತ್ತರಿ ಎತ್ತಿಕೊಂಡ. "ಬಾ, ಅಳತೆ ಕೊಡು."

ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಅಳತೆ ಮಾತ್ರ ಕೊಡಲಿಲ್ಲ.

"ಅಪ್ಪ, ಒಂಚೂರು ಆ ಕಡೆ ತಿರುಗು. ಹಾಂ, ಅಷ್ಟೇ. ಈಗ ನಗು, ಅಜ್ಜೀನ ನೋಡ್ಬೇಕು."

"ಸುಮ್ಸುಮ್ನೆ ಏನಂತ ನಗ್ಲಿ?" ಎನ್ನುತ್ತಲೇ ಅಪ್ಪ ಕತ್ತರಿ ಹಿಡಿದುಕೊಂಡು ಪಕ್ಕಕ್ಕೆ ತಿರುಗಿ ಕೂತ. ಅವಳು ದೀಪವನ್ನು ಅವನ ಮುಖದ ಕಡೆಗೆ ಎಳೆದು, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ನೋಡತೊಡಗಿದಳು.