ಹಬ್ಬಕ್ಕೆ ಬಂದ ಮಗಳು

"ಹೆಂಗಸರಿಗೆ ಮಂಚ ಬೇಡ ಡಾಕ್ಟ್ರೇ, ಹತ್ತೂ ಗಂಡಸರಿಗೇ ಇರಲಿ," ಎಂದ ಗೋವರ್ಧನ.

ಚಳ್ಳಕೆರೆಯ ನಮ್ಮ ಟ್ರಸ್ಟ್ ಆಸ್ಪತ್ರೆಗೆ ಅವನು ಮ್ಯಾನೇಜರ್, ನಾನು ಮನೋವೈದ್ಯೆ. ಮಾನಸಿಕ ರೋಗಿಗಳ ಹೊಸ ವಾರ್ಡಿಗೆ ಮಂಚಗಳು ಬಂದು ನಿಂತಿದ್ದವು. ಅಡ್ಡಗೋಡೆ ಎಬ್ಬಿಸಿ ಹೆಂಗಸರಿಗೆ ಬೇರೆ ಬಚ್ಚಲು ಕಟ್ಟಬೇಕೋ ಬೇಡವೋ ಎಂದು ಮೇಸ್ತ್ರಿ ಕಾಯುತ್ತಿದ್ದ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನಲ್ಲಿ ಗೋವರ್ಧನ ಮನೆಮನೆಗೆ ಜನ ಕಳಿಸಿ, ಮನಸ್ಸಿನ ಕಾಯಿಲೆಯವರು ಯಾರಿದ್ದಾರೆ ಎಂದು ಕೇಳಿಸಿದ್ದ. ಸಿಕ್ಕವರೆಲ್ಲ ಗಂಡಸರೇ ಅಂತೆ.

ನನಗೆ ಮೈಯೆಲ್ಲ ಉರಿಯಿತು. "ಚಳ್ಳಕೆರೆ, ಮೊಳಕಾಲ್ಮೂರಿನ ಹೆಂಗಸರ ತಲೆ ಅಷ್ಟು ಗಟ್ಟಿ ಏನಪ್ಪಾ? ನಿನ್ನಂಥ ಗಂಡಸರ ಜೊತೆ ಸಂಸಾರ ಮಾಡಿದ ಮೇಲೂ?"

ಅವನು ನಕ್ಕ. ನನಗೆ ನಗು ಬರಲಿಲ್ಲ, ಕಣ್ಣ ಮುಂದೆ ನನ್ನ ರೋಗಿ ಕಾವ್ಯಳ ಮುಖ ಬಂತು. ನಿದ್ದೆ ಬಿಟ್ಟು, ಊಟ ಬಿಟ್ಟು, ಈಗ ಮಾತನ್ನೂ ಬಿಟ್ಟಿದ್ದ ಹುಡುಗಿ. ಮನೆಯಲ್ಲೇ ಮಾತ್ರೆ ನುಂಗಿಸಿದರೆ ಸಾಲದು, ದಾಖಲಾಗದಿದ್ದರೆ ಉಳಿಯುವುದಿಲ್ಲ. ದೂರದ ಆಸ್ಪತ್ರೆಗೆ ಬರೆದುಕೊಟ್ಟಾಗ ಅವಳ ತಾಯಿ ಕೆಂಚಕ್ಕ ಕೈಮುಗಿದಿದ್ದಳು. "ಯಜಮಾನರು ಎದ್ದು ಓಡಾಡಂಗಿಲ್ಲ ಡಾಕ್ಟ್ರಮ್ಮ. ಚಳ್ಳಕೆರೆ ಆದ್ರೆ ಬಸ್ಸಿಗೆ ಬಂದು ಹೋಗ್ತೀನಿ."

"ಜೀಪು ಹತ್ತು," ಎಂದೆ ಗೋವರ್ಧನನಿಗೆ.

ಮೊದಲು ಗೌರಸಮುದ್ರ, ಕಾವ್ಯಳ ಗಂಡನ ಮನೆ. ಗೋವರ್ಧನ ತನ್ನ ಪ್ರಶ್ನೆಯನ್ನೇ ಕೇಳಿದ. ಗಂಡ ವೀರೇಶ ಕುರ್ಚಿ ತಂದು ಹಾಕಿ, "ನಮ್ಮನೇಲಿ ಕಾಯಿಲೆಯೋರು ಯಾರೂ ಇಲ್ರಿ," ಎಂದ.

"ಹೆಂಡತಿ ಎಲ್ಲಪ್ಪಾ?" ಎಂದೆ.

"ತವರಿಗೆ ಹೋಗ್ಯಾಳ್ರಿ. ಅಲ್ಲಿ ಬರ್ಕಂಡಿರ್ತಾರೆ."

ಅಲ್ಲಿಂದ ಅವಳ ತವರು ಬಿ.ಜಿ. ಕೆರೆಗೆ ಹೋದೆವು. ಗೋವರ್ಧನ ಕೇಳಿದ್ದಕ್ಕೆ ಕೆಂಚಕ್ಕ, "ಯಜಮಾನರು, ನಾನು ಇಬ್ರೇ. ತಲೆಕೆಟ್ಟೋರು ಯಾರೂ ಇಲ್ಲ," ಎಂದಳು, ಅದೂ ನನ್ನ ಮುಂದೆಯೇ. ಸುಳ್ಳು ಹೇಳಿದ ಅಳುಕು ಒಂದಿಷ್ಟೂ ಇರಲಿಲ್ಲ. ಮದುವೆ ಮಾಡಿ ಕೊಟ್ಟ ಮಗಳು ಅವಳ ಮನೆಯ ಲೆಕ್ಕಕ್ಕೆ ಬರುವುದೇ ಇಲ್ಲ.

ಗೋವರ್ಧನ ಒಳಗೆ ಇಣುಕಿದ. ಗೋಡೆಗೆ ಮುಖ ಮಾಡಿ ಕಾವ್ಯ ಕೂತಿದ್ದಳು. "ಅವರ್ಯಾರು?"

"ಮಗಳು. ಹಬ್ಬಕ್ಕೆ ಬಂದಾಳೆ."

"ಯಾವ ಹಬ್ಬ?"

"ಯುಗಾದಿ."

ಆಗ ದೀಪಾವಳಿ ಹತ್ತಿರ ಬಂದಿತ್ತು. ಗೋವರ್ಧನನ ಮುಖ ಇಳಿಯಿತು. ಅವನು ಎದ್ದು ಸೀದಾ ಪಕ್ಕದ ಮನೆಯ ಬಾಗಿಲಿಗೆ ಹೋಗಿ ಕೂಗಿದ. "ಅವ್ವಾ, ನಿಮ್ಮನೇಲಿ ಹಬ್ಬಕ್ಕೆ ಬಂದ ಮಗಳು ವಾಪಸ್ ಹೋಗದೇ ಉಳ್ಕೊಂಡಾಳೇನ್ರಿ?"

ಒಳಗಿಂದ ಬಂದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ಒಳಗ್ ಬರ್ರಿ," ಎಂದಳು.

ಮರುದಿನದಿಂದ ಅವನ ಜನ ಊರೂರಿಗೆ ಅದೇ ಪ್ರಶ್ನೆ ಹೊತ್ತು ತಿರುಗಿದರು. ಕೆಲವರ ಮನೆಯಲ್ಲಿ ಬಾಣಂತಿ ಸಿಕ್ಕಳು, ಕೆಲವರ ಮನೆಯಲ್ಲಿ ಗಂಡನ ಮೇಲೆ ಮುನಿಸಿಕೊಂಡು ಬಂದವಳು. ಉಳಿದ ಕಡೆ ನಮ್ಮ ರೋಗಿಗಳು ಸಿಕ್ಕರು, ಬೇಕಾದಷ್ಟು. ಗೋವರ್ಧನನೇ ನಿಂತು ವಾರ್ಡಿನ ನಟ್ಟನಡುವೆ ಗೋಡೆ ಎಬ್ಬಿಸಿದ. ಹೆಂಗಸರ ಮಂಚಗಳ ಪಕ್ಕದಲ್ಲಿ ತಾಯಂದಿರಿಗೆ ಒಂದೊಂದು ಬೆಂಚು ಹಾಕಿಸಿದ. ಅದು ನಾನು ಹೇಳಿದ್ದಲ್ಲ. ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ವಾರ್ಡ್ ತೆರೆದ ದಿನ ಕಾವ್ಯಳನ್ನು ಕರೆತಂದರು. ವೀರೇಶನೂ ಬಂದಿದ್ದ. ಗೋವರ್ಧನ ದಾಖಲಾತಿ ಪುಸ್ತಕ ತೆರೆದು, ರೋಗಿಯ ಊರು ಯಾವುದೆಂದು ಬರೆಯಲಿ ಎಂದು ಕೇಳಿದ.

"ಗೌರಸಮುದ್ರ," ಎಂದಳು ಕೆಂಚಕ್ಕ.

"ಬಿ.ಜಿ. ಕೆರೆ," ಎಂದ ವೀರೇಶ.

ಇಬ್ಬರೂ ಒಟ್ಟಿಗೇ ಹೇಳಿ ಮುಖ ಮುಖ ನೋಡಿಕೊಂಡರು. ಕಾವ್ಯ ಮಂಚದ ಮೇಲೆ ಕೂತು, ಕಂಬಿಯನ್ನು ಕೈಯಿಂದ ಸವರುತ್ತಿದ್ದಳು. ಅವಳ ದನಿ ಕೇಳಿ ತಿಂಗಳುಗಳೇ ಆಗಿದ್ದವು.

"ಈ ಮಂಚ ನಂದೇನ್ರಿ?"

"ನಿಂದೇ ಕಣಮ್ಮ," ಎಂದೆ.

"ಹಂಗಾದ್ರೆ ಬರ್ಕೊಳ್ರಿ," ಎಂದಳು. "ಹಬ್ಬಕ್ಕೆ ಬಂದಿಲ್ಲ. ವಾಸಿ ಆಗಾಕೆ ಬಂದೀನಿ."