ಗವಸಿನ ಬಣ್ಣ

ತೊಗಲಿನ ನಾಲ್ಕನೆಯ ತುಂಡೂ ಕೆಟ್ಟಿತು. ಹೆಬ್ಬೆರಳಿನ ಬುಡಕ್ಕೆ ಬರುವ ಜಾಗದಲ್ಲಿ ಬಣ್ಣ ಮಡುಗಟ್ಟಿ, ಬಾಸುಂಡೆ ಎದ್ದಂತೆ ಕಪ್ಪಾಗಿ ಕೂತಿತ್ತು. ಅಕ್ಕ ಉಣ್ಣೆಬಟ್ಟೆಯನ್ನು ಬಟ್ಟಲಿಗೆ ಎಸೆದಳು.

ಇಪ್ಪತ್ತು ವರ್ಷದಿಂದ ತೊಗಲಿಗೆ ಬಣ್ಣ ಹಾಕುತ್ತ ಬಂದವಳು. ದಪ್ಪ ತೊಗಲಾದರೆ ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಾಗದದಷ್ಟು ತೆಳುವಾದ ಈ ಕುರಿತೊಗಲು ಹಾಗಲ್ಲ. ಮೊದಲು ತೇವ ಮಾಡಬೇಕು, ಬಣ್ಣವನ್ನು ನೀರುನೀರಾಗಿ ಕಲಸಿಕೊಳ್ಳಬೇಕು, ಬಟ್ಟೆ ಹಿಂಡಿ ಸುತ್ತುಸುತ್ತಾಗಿ ಎಲ್ಲೂ ತಡೆಯದೆ ಸವರಬೇಕು. ಕೈ ನಿಂತರೆ ನಿಂತಲ್ಲೇ ಕಲೆ. ಬೇರೆಯವರ ಚೀಲ, ಪುಸ್ತಕದ ರಟ್ಟು ಏನಾದರೂ ಸರಿ, ಅವಳ ಕೈ ಎಂದೂ ತಡವರಿಸಿದ್ದಿಲ್ಲ.

ಐದು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ತಂಗಿ ತೊಗಲು ಕತ್ತರಿಸುವ ಯಂತ್ರವನ್ನು ಒರೆಸುತ್ತಿದ್ದಳು. ಅಕ್ಕ ನೋಡದೆ ಗುಂಡಿ ಒತ್ತಿದಳು. ತಂಗಿಯ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ತಂಗಿ ಒಂದು ಮಾತೂ ಅನ್ನಲಿಲ್ಲ. ಬಾಯಿಗೆ ಬಂದ ಹಾಗೆ ಬೈದಿದ್ದರೆ ಅಕ್ಕನಿಗೆ ತುತ್ತಾದರೂ ಗಂಟಲಲ್ಲಿ ಇಳಿಯುತ್ತಿತ್ತೇನೋ. ಈಗ, ಆಸ್ಪತ್ರೆಯಲ್ಲಿ ಕೊಟ್ಟ ಕೃತಕ ಕೈಗೆ ತಂಗಿಯ ಮೈಬಣ್ಣದ್ದೇ ಗವಸು ಹೊಲಿಯುತ್ತೇನೆಂದು ಹಟ ಹಿಡಿದು ಕೂತಿದ್ದಳು.

ಬಾಗಿಲು ಸದ್ದಾಯಿತು. ಅಂದಿನಿಂದ ಈ ಹೊಸ್ತಿಲು ತುಳಿಯದಿದ್ದ ತಂಗಿ ಒಳಗೆ ಬಂದಳು. ಅವಳ ಕಣ್ಣು ಮೊದಲು ಯಂತ್ರದ ಮೇಲೆ ನೆಟ್ಟು, ಆಮೇಲೆ ಮೇಜಿನ ಮೇಲಿದ್ದ ತುಂಡುಗಳಿಗೆ ಬಂತು.

“ಇದೇನಕ್ಕಾ, ನಾನೇನು ಚಿರತೆನಾ?”

ಅಕ್ಕನಿಗೆ ನಗು ಬರಲಿಲ್ಲ. “ಇನ್ನೊಂದು ಸಲ ನೋಡ್ತೀನಿ ಕಣೇ. ಎಡಗೈ ಇಲ್ಲಿಡು, ಬಣ್ಣ ಹೋಲಿಸ್ಕೋತೀನಿ.”

“ಇಡಲ್ಲ.” ತಂಗಿ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡಳು. “ಏನೂ ಆಗೇ ಇಲ್ಲ ಅನ್ನೋ ಹಾಗೆ ಬಣ್ಣ ಬಳೀಬೇಡ. ಆ ಕೈ ಹೋಯ್ತು.”

“ನಾನು ನೋಡ್ಲಿಲ್ಲ ಕಣೇ.” ಐದು ತಿಂಗಳಿಂದ ನಾಲಿಗೆಯ ತುದಿಯಲ್ಲೇ ಸುತ್ತುತ್ತಿದ್ದ ಮಾತು ಕೊನೆಗೂ ಹೊರಬಿತ್ತು. “ನೋಡದೇ ಒತ್ತಿಬಿಟ್ಟೆ.”

“ಗೊತ್ತು. ಒರೆಸ್ತಾ ಇದ್ದೀನಿ ಅಂತ ಕೂಗಿ ಹೇಳಿದ್ದೆ. ನೀನು ಫೋನಲ್ಲಿ ಯಾರ ಜೊತೇನೋ ನಗ್ತಾ ಇದ್ದೆ.” ತಂಗಿ ಗೂಡಿನ ಕಡೆ ತಿರುಗಿದಳು. “ಕ್ಷಮಿಸು ಅಂತ ಮಾತ್ರ ಕೇಳ್ಬೇಡ. ನನಗೆ ಇನ್ನೂ ಆಗ್ತಿಲ್ಲ.”

ಅಕ್ಕ ಕೆಟ್ಟ ತುಂಡುಗಳನ್ನು ಒಟ್ಟುಮಾಡಿ ಬದಿಗೆ ಸರಿಸಿದಳು.

ತಂಗಿ ಗೂಡಿನಿಂದ ಕಡುನೀಲಿಯ ಶೀಸೆ ತೆಗೆದಳು. ಅದನ್ನು ಕಂಕುಳಲ್ಲಿ ಒತ್ತಿಹಿಡಿದು ಎಡಗೈಯಿಂದ ಮುಚ್ಚಳ ತಿರುಗಿಸತೊಡಗಿದಳು. ಸಹಾಯಕ್ಕೆಂದು ಎದ್ದ ಅಕ್ಕ, ಅವಳ ಮುಖ ನೋಡಿ ಹಾಗೇ ಕೂತಳು. ಬಹಳ ಹೊತ್ತಿನ ಮೇಲೆ ಮುಚ್ಚಳ ಬಿಚ್ಚಿತು.

“ಗವಸು ಹಾಕ್ಕೋತೀನಿ. ಆದರೆ ಈ ಬಣ್ಣದ್ದು. ನೋಡಿದವರಿಗೆ ಗೊತ್ತಾಗ್ಲಿ.”

ಅಕ್ಕ ಹೊಸ ತುಂಡು ತೇವ ಮಾಡಿ, ಬಟ್ಟೆ ಹಿಂಡಿ ಸವರಿದಳು. ಒಂದು ಕೈ ಬಣ್ಣ, ಎರಡು ಕೈ, ಮೂರನೆಯದು. ನೀಲಿ ಎಲ್ಲೂ ಒಡೆಯದೆ ಅಂಚಿನವರೆಗೆ ಹರಡಿತು. ತುಂಡನ್ನು ತಂತಿಗೆ ಸಿಕ್ಕಿಸಿ ಬಂದು ಕೂತಳು.

ತಂಗಿ ಹೊರಟುಹೋಗಲಿಲ್ಲ. ಮೇಜಿನ ಆಚೆಬದಿಯ ಕುರ್ಚಿಯಲ್ಲಿ ಕೂತು, ಉಗುರಿಗೆ ಹತ್ತಿದ ನೀಲಿಯನ್ನು ಸೀರೆಯ ಅಂಚಿಗೆ ತಿಕ್ಕುತ್ತಿದ್ದಳು. ಅದು ಹೋಗಲಿಲ್ಲ.